ಹಳೆಯ ಬ್ರಿಟಿಷ್ ಸಿನಿಮಾ: ಯಾವ ಸಂಜೆಗೆ ಯಾವುದು?

ಹಳೆಯ ಬ್ರಿಟಿಷ್ ಚಿತ್ರಗಳನ್ನು ನೋಡಬೇಕೆಂದು ಹೊರಡುವವರು ಎಡವುವುದು ಬಹುಮಟ್ಟಿಗೆ ಮೊದಲ ಮೆಟ್ಟಿಲಲ್ಲೇ. ಇರುವುದರಲ್ಲಿ ಅತಿ ದೊಡ್ಡ ಹೆಸರನ್ನು ಹುಡುಕಿ, ರಾತ್ರಿ ಊಟ ಮುಗಿಸಿ, ‘ಲಾರೆನ್ಸ್ ಆಫ್ ಅರೇಬಿಯಾ’ ಹಾಕಿಕೊಂಡು ಕೂರುತ್ತಾರೆ. ಅದು ಮೂರೂವರೆ ಗಂಟೆಗೂ ಮಿಕ್ಕಿದ ಚಿತ್ರ. ಒಮರ್ ಷರೀಫ್ ಬಿಸಿಲುಗುದುರೆಯ ನಡುವಿನಿಂದ ಒಂಟೆ ಏರಿ ಬರುವ ಹೊತ್ತಿಗೆ ನೋಡುವವರ ತಲೆ ಸೋಫಾಕ್ಕೆ ಒರಗಿ ಗೊರಕೆ ಶುರುವಾಗಿರುತ್ತದೆ. ಮರುದಿನ ತೀರ್ಪು ಸಿದ್ಧ: ಇದು ನಮಗೆ ಒಗ್ಗುವಂಥದ್ದಲ್ಲ. ನಾನೂ ಹೀಗೆಯೇ ಎಡವಿದವನು. ಮತ್ತೆ ಆ ಕಡೆ ತಿರುಗಲು ಎರಡು ವರ್ಷ ಹಿಡಿಯಿತು. ತಿರುಗುವಂತೆ ಮಾಡಿದ್ದು ಎಂಬತ್ತಾರು ನಿಮಿಷದ ಒಂದು ಪುಟ್ಟ ಚಿತ್ರ, ಅದೂ ಅದೇ ನಿರ್ದೇಶಕ ಡೇವಿಡ್ ಲೀನ್‌ನದು.

ಹಾಗಾಗಿ ನನ್ನ ಅಳತೆಗೋಲು ಗಡಿಯಾರ. ಎರಡು ಗಂಟೆಯೊಳಗೆ ಮುಗಿಯುವುದನ್ನು ಮೊದಲು ನೋಡಿ, ದೊಡ್ಡದನ್ನು ಆಮೇಲೆ ನೋಡಿ. ಬ್ರಿಟಿಷ್ ಸಿನಿಮಾದ ಜೀವಾಳವೇ ಆ ಚಿಕ್ಕ ಚಿತ್ರಗಳಲ್ಲಿದೆ. ಯುದ್ಧ 1945ರಲ್ಲಿ ಮುಗಿದರೂ ಅಲ್ಲಿ ಪಡಿತರ ಚೀಟಿ ತೊಲಗಿದ್ದು 1954ರ ಜುಲೈನಲ್ಲಿ. ಆ ವರ್ಷಗಳ ಚಿತ್ರಗಳಲ್ಲಿ ಮಾತು, ಅಳು, ಮುತ್ತು ಎಲ್ಲವೂ ಪಡಿತರದ ಸಕ್ಕರೆಯಂತೆ ಬರುತ್ತವೆ: ಅಳೆದು, ತೂಗಿ, ಒಂದು ಚಮಚವೂ ಚೆಲ್ಲದಂತೆ.

ಪಟ್ಟಿ ಬೇಕೆನ್ನುವವರಿಗೆ ಅದೂ ಇದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1999ರಲ್ಲಿ ಇಪ್ಪತ್ತನೆಯ ಶತಮಾನದ ನೂರು ಬ್ರಿಟಿಷ್ ಚಿತ್ರಗಳನ್ನು ಆರಿಸಿತು. ಮೊದಲ ಸ್ಥಾನ ‘ದಿ ಥರ್ಡ್ ಮ್ಯಾನ್’, ಎರಡನೆಯದು ‘ಬ್ರೀಫ್ ಎನ್‌ಕೌಂಟರ್’, ಮೂರನೆಯದು ಲಾರೆನ್ಸ್. ಪಟ್ಟಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಪಟ್ಟಿ ನೋಡಿ ಸಿನಿಮಾ ಆರಿಸುವುದೆಂದರೆ ಮೆನುವಿನಲ್ಲಿ ಎಲ್ಲಕ್ಕಿಂತ ಮೇಲೆ ಬರೆದದ್ದನ್ನು ತರಿಸಿಕೊಂಡಂತೆ. ಹೊಟ್ಟೆಯಲ್ಲಿ ಎಷ್ಟು ಜಾಗವಿದೆ, ಎದುರಿಗೆ ಯಾರು ಕೂತಿದ್ದಾರೆ ಎಂಬುದನ್ನು ಅದು ಕೇಳುವುದಿಲ್ಲ. ಆದ್ದರಿಂದ ಜೋಡಿ ಜೋಡಿಯಾಗಿ ಹೇಳುತ್ತೇನೆ.

ಟ್ರೆವರ್ ಹೋವರ್ಡ್‌ನ ಎರಡು ಮುಖ

ಪಟ್ಟಿಯ ಮೊದಲ ಎರಡೂ ಚಿತ್ರಗಳಲ್ಲಿ ಒಬ್ಬನೇ ನಟ ಇದ್ದಾನೆ, ಟ್ರೆವರ್ ಹೋವರ್ಡ್. ಒಂದರಲ್ಲಿ ಪ್ರೀತಿಗೆ ಬಿದ್ದ ಡಾಕ್ಟರು, ಇನ್ನೊಂದರಲ್ಲಿ ಯಾವುದಕ್ಕೂ ಕರಗದ ಮಿಲಿಟರಿ ಪೊಲೀಸ್ ಅಧಿಕಾರಿ. ನಡುವೆ ಬರೀ ನಾಲ್ಕು ವರ್ಷ.

‘ಬ್ರೀಫ್ ಎನ್‌ಕೌಂಟರ್’ 1945ರದು. ಡೇವಿಡ್ ಲೀನ್ ನಿರ್ದೇಶನ, ನೋಯೆಲ್ ಕವರ್ಡ್‌ನ ಒಂದು ಏಕಾಂಕ ಇದರ ಮೂಲ. ಪ್ರತಿ ಗುರುವಾರ ಪೇಟೆಗೆ ಬರುವ ಗೃಹಿಣಿ ಲಾರಾಳ ಕಣ್ಣಿಗೆ ರೈಲು ಹಾರಿಸಿದ ಮಸಿಯ ಹರಳು ಬೀಳುತ್ತದೆ. ಅಪರಿಚಿತ ಡಾಕ್ಟರೊಬ್ಬ ಕರವಸ್ತ್ರದ ತುದಿಯಿಂದ ಅದನ್ನು ತೆಗೆಯುತ್ತಾನೆ. ಕಥೆಯ ಆರಂಭ ಅಷ್ಟೇ. ಇಬ್ಬರಿಗೂ ಸಂಸಾರವಿದೆ, ಮಕ್ಕಳಿದ್ದಾರೆ. ಕೆಲವೇ ಗುರುವಾರಗಳು, ಸ್ಟೇಷನ್ನಿನ ಚಹಾದಂಗಡಿ, ಬೆನ್ನ ಹಿಂದೆ ರಾಖ್ಮನಿನೋವ್‌ನ ಪಿಯಾನೊ. ಸ್ಟೇಷನ್ನಿನ ದೃಶ್ಯಗಳನ್ನು ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಲ್ಯಾಂಕಷೈರಿನ ಕಾರ್ನ್‌ಫೋರ್ತ್‌ನಲ್ಲಿ ತೆಗೆದರು. ಆಗ್ನೇಯ ಇಂಗ್ಲೆಂಡಿನಿಂದ ಅಷ್ಟು ದೂರವಿದ್ದ ಕಾರಣ, ವಿಮಾನ ದಾಳಿಯ ಸುಳಿವು ಸಿಕ್ಕರೆ ದೀಪ ಆರಿಸಲು ಸಮಯ ಸಿಗುತ್ತದೆ ಎಂಬುದು ಲೆಕ್ಕಾಚಾರ.

ಈ ಚಿತ್ರದಲ್ಲಿ ಒಂದು ದೃಶ್ಯ ಎರಡು ಸಲ ಬರುತ್ತದೆ. ಮೊದಲಲ್ಲೇ, ಚಹಾದಂಗಡಿಯ ಮೂಲೆಯಲ್ಲಿ ಗಂಡಸು ಹೆಂಗಸು ಇಬ್ಬರು ಸುಮ್ಮನೆ ಕೂತಿರುತ್ತಾರೆ. ಡಾಲಿ ಎಂಬ ಬಾಯಿಬಡುಕಿ ಪರಿಚಿತೆ ನುಗ್ಗಿ ಬಂದು ಅವರ ಮೇಜಿಗೇ ಕೂತು ಹರಟೆ ಶುರು ಮಾಡುತ್ತಾಳೆ. ರೈಲಿನ ಹೊತ್ತಾಯಿತೆಂದು ಆ ಗಂಡಸು ಎದ್ದು, ಹೆಂಗಸಿನ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ಹೊರಟುಹೋಗುತ್ತಾನೆ. ನಮಗೆ ಅವರು ಯಾರೆಂದೇ ಗೊತ್ತಿಲ್ಲ. ಡಾಲಿಯ ಮಾತಿನ ನಡುವೆ ಆ ಕೈ ಕಣ್ಣಿಗೂ ಬೀಳುವುದಿಲ್ಲ. ಒಂದು ಗಂಟೆಯ ಮೇಲೆ ಅದೇ ದೃಶ್ಯ ತಿರುಗಿ ಬರುತ್ತದೆ. ಅದೇ ಮೇಜು, ಅದೇ ಡಾಲಿ, ಹೆಗಲ ಮೇಲೆ ಅದೇ ಕೈ. ಈಗ ನಮಗೆ ಎಲ್ಲವೂ ಗೊತ್ತು, ಅವರಿಬ್ಬರಿಗೆ ಉಳಿದಿದ್ದ ಕೊನೆಯ ನಿಮಿಷಗಳನ್ನು ಈ ಹೆಂಗಸು ನುಂಗಿಹಾಕಿದ್ದು ಕೂಡ. ಇಂಗ್ಲಿಷ್ ಸಬ್‌ಟೈಟಲ್ ಓದದೆ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ನನ್ನ ಅಮ್ಮ, ಡಾಲಿ ಎರಡನೆಯ ಸಲ ಒಳಗೆ ಬಂದಾಗ ಕೈಕೆಲಸ ಬಿಟ್ಟು, “ಇವಳಿಗೆ ಈಗಲೇ ಬರಬೇಕಾಗಿತ್ತೇ!” ಎಂದು ಹಲುಬಿದಳು. ಆ ಚಿತ್ರದ ಬಗ್ಗೆ ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಕೊರತೆಗಳನ್ನೂ ಹೇಳಬೇಕು. ಲಾರಾ ಪಾತ್ರದ ಸೀಲಿಯಾ ಜಾನ್ಸನ್ ಆಡುವ ಮೇಲ್ವರ್ಗದ ಕತ್ತರಿಸಿದಂಥ ಇಂಗ್ಲಿಷ್ ಕೆಲವರಿಗೆ ನಗೆ ತರಿಸುತ್ತದೆ. ಚಹಾದಂಗಡಿಯ ಕೆಲಸದವರನ್ನು ಚಿತ್ರ ಬರೀ ಹಾಸ್ಯಕ್ಕೆ ಇಟ್ಟುಕೊಂಡಿದೆ. ಕುಲೀನರಿಗೆ ದುಃಖ, ಬಡವರಿಗೆ ಚೇಷ್ಟೆ ಎಂಬ ಹಂಚಿಕೆ ನಮ್ಮ ಹಳೆಯ ನಾಟಕ ಕಂಪನಿಗಳನ್ನು ನೋಡಿದವರಿಗೆ ಹೊಸದಲ್ಲ.

‘ದಿ ಥರ್ಡ್ ಮ್ಯಾನ್’ 1949ರದು. ಕ್ಯಾರಲ್ ರೀಡ್ ನಿರ್ದೇಶನ, ಗ್ರಹಾಂ ಗ್ರೀನ್ ಚಿತ್ರಕಥೆ. ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ನಾಲ್ವರೂ ಹಂಚಿಕೊಂಡಿದ್ದ ವಿಯೆನ್ನಾ ನಗರ. ಕೆಲಸ ಕೊಡುತ್ತೇನೆಂದು ಕರೆಸಿದ ಗೆಳೆಯನನ್ನು ಹುಡುಕಿಕೊಂಡು ಅಗ್ಗದ ಕಾದಂಬರಿಗಳ ಅಮೆರಿಕನ್ ಲೇಖಕನೊಬ್ಬ ಬರುತ್ತಾನೆ. ಬಂದ ದಿನವೇ ಆ ಗೆಳೆಯನ ಶವಸಂಸ್ಕಾರ. ಗೆಳೆಯ ಹ್ಯಾರಿ ಲೈಮ್ ನೀರು ಬೆರೆಸಿದ ಪೆನಿಸಿಲಿನ್ ಮಾರುತ್ತಿದ್ದವನು. ಆ ಪಾತ್ರದ ಆರ್ಸನ್ ವೆಲ್ಸ್ ಪರದೆಗೆ ಬರುವುದು ಒಂದು ಗಂಟೆ ಕಳೆದ ಮೇಲೆ, ಕತ್ತಲ ಬಾಗಿಲಲ್ಲಿ ಬೂಟಿಗೆ ಮೈ ಉಜ್ಜುವ ಬೆಕ್ಕಿನ ಮರಿಯ ಜೊತೆಗೆ. ಮೇಲಿನ ಕಿಟಕಿಯ ದೀಪ ಹೊತ್ತಿ ಅವನ ಮುಖಕ್ಕೆ ಬೆಳಕು ಬಿದ್ದಾಗ ಆತ ಸಿಕ್ಕಿಬಿದ್ದ ಶಾಲಾ ಹುಡುಗನ ಹಾಗೆ ನಗುತ್ತಾನೆ. ಖಳನನ್ನು ಮೆಚ್ಚಿಕೊಳ್ಳುವ ತಪ್ಪನ್ನು ಆ ಒಂದು ನಗೆ ನಮ್ಮಿಂದ ಮಾಡಿಸುತ್ತದೆ. ಆಮೇಲೆ ದೊಡ್ಡ ತಿರುಗುಚಕ್ರದ ಮೇಲಿನಿಂದ ಕೆಳಗಿನ ಜನರನ್ನು ಚುಕ್ಕಿಗಳೆಂದು ಆತ ಕರೆಯುವಾಗ ಬೆನ್ನಲ್ಲಿ ಚಳಿ ಹುಟ್ಟುತ್ತದೆ.

ಇದನ್ನು ಆರಿಸುವವರು ಎರಡು ವಿಷಯ ಗಮನಿಸಿ. ಅಮೆರಿಕದ ಬಿಡುಗಡೆಗೆ ಹನ್ನೊಂದು ನಿಮಿಷ ಕತ್ತರಿಸಿದ ಪ್ರತಿಯೊಂದಿದೆ. ಅದರಲ್ಲಿ ಆರಂಭದ ನಿರೂಪಣೆ ಲೇಖಕನ ಪಾತ್ರದ ಜೋಸೆಫ್ ಕಾಟನ್‌ನದು. 104 ನಿಮಿಷದ ಬ್ರಿಟಿಷ್ ಪ್ರತಿಯಲ್ಲಿ ಆ ದನಿ ರೀಡ್‌ನದೇ, ಒಣ ತಮಾಷೆಯ ದನಿ. ಇದೇ ಬೇಕು. ಇನ್ನೊಂದು, ವಿಯೆನ್ನಾದ ಜನ ಆಡುವ ಜರ್ಮನ್ ಮಾತಿಗೆ ಸಬ್‌ಟೈಟಲ್ ಇರುವುದಿಲ್ಲ. ಅದು ಪ್ರತಿಯ ದೋಷವಲ್ಲ. ನಾಯಕನಿಗೆ ಅರ್ಥವಾಗದ್ದು ನಮಗೂ ಅರ್ಥವಾಗಬಾರದು. ಭಾಷೆ ಬಾರದ ಊರಿನಲ್ಲಿ ಬಸ್ ಕೇಳಿಕೊಂಡು ಅಲೆದವರಿಗೆ ಆ ಪೆಚ್ಚು ಮುಖ ಚೆನ್ನಾಗಿ ಗೊತ್ತು. ಹಿನ್ನೆಲೆಯಲ್ಲಿ ಮಿಡಿಯುವ ಆಂಟನ್ ಕರಾಸ್‌ನ ಜಿದರ್ ಎಂಬ ತಂತಿವಾದ್ಯ ಕೆಲವರಿಗೆ ತಲೆನೋವು ತರಬಹುದು. ನನಗೆ ಮೊದಲ ಸಲ ತಂದಿತ್ತು, ಈಗ ಅದಿಲ್ಲದೆ ಆ ಊರನ್ನು ನೆನೆಯಲಾರೆ.

ಕೊನೆಯ ದೃಶ್ಯದ ಬಗ್ಗೆ ಗ್ರೀನ್ ಮತ್ತು ರೀಡ್ ನಡುವೆ ಭಿನ್ನಾಭಿಪ್ರಾಯವಿತ್ತು. ಗ್ರೀನ್‌ಗೆ ಸುಖಾಂತ್ಯದ ಕಡೆಗೆ ಒಲವು, ರೀಡ್‌ಗೆ ಇಲ್ಲ. ಎಲೆ ಉದುರುವ ಸ್ಮಶಾನದ ದಾರಿಯಲ್ಲಿ ಹೆಣ್ಣೊಬ್ಬಳು ದೂರದಿಂದ ನಡೆದು ಬರುತ್ತಲೇ ಇರುತ್ತಾಳೆ, ಕ್ಯಾಮೆರಾ ಅಲುಗುವುದಿಲ್ಲ. ರೀಡ್ ಹೇಳಿದ್ದೇ ಸರಿಯಾಗಿತ್ತೆಂದು ಗ್ರೀನ್ ಆಮೇಲೆ ಒಪ್ಪಿಕೊಂಡರು.

ಗೆಳೆಯರು ಮನೆಗೆ ಬಂದಿದ್ದರೆ ‘ಥರ್ಡ್ ಮ್ಯಾನ್’. ಒಬ್ಬರೇ ಇದ್ದು, ಹೊರಗೆ ಮಳೆ ಹನಿಯುತ್ತಿದ್ದರೆ ‘ಬ್ರೀಫ್ ಎನ್‌ಕೌಂಟರ್’. ಯಾವುದು ಮೇಲೆಂದು ಕೇಳಿದರೆ ಮೊದಲನೆಯದನ್ನು ಹೆಚ್ಚು ಮೆಚ್ಚುತ್ತೇನೆ, ಎರಡನೆಯದನ್ನು ಹೆಚ್ಚು ಸಲ ನೋಡಿದ್ದೇನೆ.

ನಗಬೇಕೆನಿಸಿದಾಗ: ಈಲಿಂಗ್

ಪಶ್ಚಿಮ ಲಂಡನ್ನಿನ ಈಲಿಂಗ್ ಸ್ಟುಡಿಯೊವನ್ನು ಮೈಕಲ್ ಬ್ಯಾಲ್ಕನ್ ನಡೆಸುತ್ತಿದ್ದ ಕಾಲದಲ್ಲಿ ಅಲ್ಲಿಂದ ಹೊರಟ ಹಾಸ್ಯಚಿತ್ರಗಳಿಗೆ ‘ಈಲಿಂಗ್ ಕಾಮಿಡಿ’ ಎಂಬ ಹೆಸರೇ ನಿಂತುಬಿಟ್ಟಿತು. ಮೇಲ್ನೋಟಕ್ಕೆ ಸಾಧು, ಒಳಗೆ ಖಾರ. ಇಲ್ಲಿ ಆಯ್ಕೆ ಎರಡರ ನಡುವೆ, ಎರಡರಲ್ಲೂ ಅಲೆಕ್ ಗಿನ್ನೆಸ್.

‘ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್’ (1949, ರಾಬರ್ಟ್ ಹೇಮರ್) ಒಂದು ಡ್ಯೂಕ್ ಪದವಿಗಾಗಿ ನಡೆಯುವ ಸರಣಿ ಕೊಲೆಗಳ ಕಥೆ. ತಾಯಿಯನ್ನು ಹೊರಹಾಕಿದ ಮನೆತನದ ವಾರಸುದಾರರನ್ನು ಒಬ್ಬೊಬ್ಬರಾಗಿ ಮುಗಿಸುತ್ತ ಬರುವ ಲೂಯಿ, ಗಲ್ಲಿಗೇರುವ ಹಿಂದಿನ ರಾತ್ರಿ ಅತಿ ಸಭ್ಯ ಇಂಗ್ಲಿಷಿನಲ್ಲಿ ತನ್ನ ಆತ್ಮಕಥೆ ಬರೆಯುತ್ತಾನೆ. ಸಾಯುವ ಮನೆತನದ ಎಂಟು ಮಂದಿಯೂ ಗಿನ್ನೆಸ್: ಪಾದ್ರಿ, ಅಡ್ಮಿರಲ್, ಜನರಲ್, ಬ್ಯಾಂಕರ್, ಮಹಿಳೆಯರ ಮತದ ಹಕ್ಕಿಗಾಗಿ ಹೋರಾಡುವ ಲೇಡಿ ಅಗಾಥಾ ಕೂಡ. ಚರ್ಚಿನಲ್ಲಿ ಒಂದೇ ಚೌಕಟ್ಟಿನಲ್ಲಿ ಆರು ಗಿನ್ನೆಸ್‌ಗಳು ಕೂತ ದೃಶ್ಯವಿದೆ. ಕಂಪ್ಯೂಟರ್ ಇಲ್ಲದ ಕಾಲ. ಛಾಯಾಗ್ರಾಹಕ ಡಗ್ಲಸ್ ಸ್ಲೊಕೊಂಬ್ ಕ್ಯಾಮೆರಾವನ್ನು ಅಲುಗದಂತೆ ಬಿಗಿದು, ಲೆನ್ಸಿನ ಬೇರೆ ಬೇರೆ ಭಾಗ ಮುಚ್ಚಿ, ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಮತ್ತೆ ಮತ್ತೆ ತೆಗೆದರು. ರಾತ್ರಿ ಯಾರಾದರೂ ಕ್ಯಾಮೆರಾ ತಾಗಿಸಿಬಿಟ್ಟಾರೆಂದು ಅದರ ಪಕ್ಕದಲ್ಲೇ ಮಲಗಿದರಂತೆ. ಆ ದೃಶ್ಯ ಬಂದಾಗ ಸ್ವಲ್ಪ ನಿಲ್ಲಿಸಿ ನೋಡಿ.

‘ದಿ ಲೇಡಿಕಿಲ್ಲರ್ಸ್’ (1955, ಅಲೆಕ್ಸಾಂಡರ್ ಮೆಕೆಂಡ್ರಿಕ್) ಬಣ್ಣದ ಚಿತ್ರ. ಕಿಂಗ್ಸ್ ಕ್ರಾಸ್ ರೈಲು ಹಳಿಗಳ ಮೇಲಿನ ಒಂದು ಸೊಟ್ಟ ಮನೆ, ಅದರಲ್ಲಿ ಒಂಟಿ ಅಜ್ಜಿ ವಿಲ್ಬರ್‌ಫೋರ್ಸ್, ಜೊತೆಗೆ ಆಕೆಯ ಗಿಣಿಗಳು. ಬಾಡಿಗೆಗೆ ಬಂದ ಪ್ರೊಫೆಸರ್ ಮತ್ತವನ ನಾಲ್ವರು ಗೆಳೆಯರು ತಾವು ಸಂಗೀತಗಾರರೆಂದು ಹೇಳಿಕೊಂಡು, ಗ್ರಾಮಫೋನಿನಲ್ಲಿ ಬೊಕೆರಿನಿಯ ಸಂಗೀತ ಹಾಕಿ ದರೋಡೆಗೆ ಸಂಚು ಹೂಡುತ್ತಾರೆ. ಅಜ್ಜಿ ಪ್ರತಿ ಐದು ನಿಮಿಷಕ್ಕೊಮ್ಮೆ ಚಹಾ ಬೇಕೇ ಎಂದು ಬಾಗಿಲು ತಟ್ಟುತ್ತಾಳೆ. ಆಗೆಲ್ಲ ಐವರೂ ವಾದ್ಯ ಹಿಡಿದು ನಿಲ್ಲಬೇಕು. ಎಪ್ಪತ್ತು ದಾಟಿದ ಕೇಟಿ ಜಾನ್ಸನ್ ಈ ಪಾತ್ರಕ್ಕೆ ಬಾಫ್ಟಾ ಪ್ರಶಸ್ತಿ ಪಡೆದರು. ಗಿನ್ನೆಸ್ ಜೊತೆಗೆ ಯುವಕ ಪೀಟರ್ ಸೆಲ್ಲರ್ಸ್ ಬೇರೆ. ಆದರೂ ಚಿತ್ರ ಅಜ್ಜಿಯದೇ. ಒಳ್ಳೆಯತನ ಎಷ್ಟು ಅಪಾಯಕಾರಿ ಎಂಬುದನ್ನು ಐವರು ಗಟ್ಟಿ ಗಂಡಸರಿಗೆ ಆಕೆ ತನಗೇ ಅರಿವಿಲ್ಲದೆ ಕಲಿಸುತ್ತಾಳೆ.

ಮೊದಲನೆಯದರ ನಗೆ ಮಾತಿನಲ್ಲಿದೆ, ಎರಡನೆಯದರದು ಕಣ್ಣಿಗೆ ಕಾಣುವಂಥದ್ದು. ಮನೆಮಂದಿಯೆಲ್ಲ ಕೂತಿದ್ದರೆ, ಇಂಗ್ಲಿಷ್ ಅಷ್ಟಾಗಿ ಬಾರದವರು ಇದ್ದರೆ, ‘ಲೇಡಿಕಿಲ್ಲರ್ಸ್’ಗೆ ಎರಡನೆಯ ಯೋಚನೆ ಬೇಡ. ‘ಕೈಂಡ್ ಹಾರ್ಟ್ಸ್’ ಇಂಗ್ಲಿಷ್ ವಾಕ್ಯವೊಂದು ಹೇಗೆ ನಯವಾಗಿ ಇರಿಯುತ್ತದೆಂದು ಸವಿಯಬಲ್ಲವರಿಗೆ. ಅದರಲ್ಲಿ ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಪದವೊಂದು ಮಕ್ಕಳ ಎಣಿಕೆಪದ್ಯದ ಜೊತೆ ಬರುತ್ತದೆ. ಮಕ್ಕಳೊಂದಿಗೆ ನೋಡುವವರಿಗೆ ಮೊದಲೇ ಗೊತ್ತಿರಲಿ. ಎರಡಕ್ಕೂ ಸಮಯವಿಲ್ಲದಿದ್ದರೆ ‘ದಿ ಲ್ಯಾವೆಂಡರ್ ಹಿಲ್ ಮಾಬ್’ (1951) ಎಂಬತ್ತು ನಿಮಿಷದ ಆಸುಪಾಸಿನದು. ಕದ್ದ ಚಿನ್ನವನ್ನು ಐಫೆಲ್ ಗೋಪುರದ ಆಟಿಕೆಗಳಾಗಿ ಎರಕ ಹೊಯ್ದು ಸಾಗಿಸುವ ಬ್ಯಾಂಕ್ ಗುಮಾಸ್ತನ ಕಥೆ, ಅಲ್ಲಿಯೂ ಗಿನ್ನೆಸ್.

ಹಿಚ್‌ಕಾಕ್, ಅಮೆರಿಕಕ್ಕೆ ಹೋಗುವ ಮೊದಲು

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ತಪ್ಪು ಆಯ್ಕೆಯೇ ಇಲ್ಲ. ‘ದಿ 39 ಸ್ಟೆಪ್ಸ್’ (1935) ಓಡುವ ಚಿತ್ರ: ಮಾಡದ ಕೊಲೆಯ ಆರೋಪ ಹೊತ್ತ ನಾಯಕ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ, ತನ್ನನ್ನು ನಂಬದ ಹೆಣ್ಣಿಗೆ ಬೇಡಿಯಲ್ಲಿ ಜೋಡಿಸಲ್ಪಟ್ಟು ಓಡುತ್ತಾನೆ. ‘ದಿ ಲೇಡಿ ವ್ಯಾನಿಷಸ್’ (1938) ಕೂತ ಚಿತ್ರ: ಬಹುಪಾಲು ರೈಲಿನೊಳಗೇ. ಎದುರಿಗೆ ಕೂತಿದ್ದ ಅಜ್ಜಿ ಮಾಯವಾಗುತ್ತಾಳೆ, ಅಂಥವಳು ಇರಲೇ ಇಲ್ಲವೆಂದು ಎಲ್ಲರೂ ಆಣೆ ಹಾಕುತ್ತಾರೆ. ಅಜ್ಜಿ ಕಿಟಕಿಯ ಮಂಜಿನ ಮೇಲೆ ಬೆರಳಲ್ಲಿ ತನ್ನ ಹೆಸರು ಬರೆದಿದ್ದಳು. ಅದು ನಾಯಕಿಯ ಕಣ್ಣಿಗೆ ಬೀಳುತ್ತದೆ, ರೈಲು ಸುರಂಗ ಹೊಕ್ಕಾಗ ಅಳಿಸಿಹೋಗುತ್ತದೆ.

ಕ್ರಿಕೆಟ್ ಹುಚ್ಚಿರುವ ಮನೆಯಾದರೆ ಎರಡನೆಯದನ್ನೇ ಹಾಕಿ. ಕಾಲ್ಡಿಕಾಟ್, ಚಾರ್ಟರ್ಸ್ ಎಂಬ ಇಬ್ಬರು ಇಂಗ್ಲಿಷರು ಅದೇ ರೈಲಿನಲ್ಲಿದ್ದಾರೆ. ಯುರೋಪು ಹೊತ್ತಿ ಉರಿಯುವ ಹಂತದಲ್ಲಿದ್ದರೂ ಅವರ ಚಿಂತೆ ಮ್ಯಾಂಚೆಸ್ಟರಿನ ಟೆಸ್ಟ್ ಪಂದ್ಯ ಏನಾಯಿತೆಂಬುದು ಮಾತ್ರ. ಸಕ್ಕರೆಯ ಗಟ್ಟಿಗಳನ್ನು ಮೇಜಿನ ಮೇಲೆ ಹರಡಿ ಫೀಲ್ಡಿಂಗ್ ವಿವರಿಸುವ ದೃಶ್ಯವನ್ನು ನೋಡಿ ನಗದವನು ರೇಡಿಯೊ ಕಾಮೆಂಟರಿ ಕೇಳಿದವನಲ್ಲ. ಕೊನೆಗೆ ಅವರಿಗೆ ಸಿಗುವ ಸುದ್ದಿ ಏನೆಂದು ಹೇಳಿ ರಸ ಕೆಡಿಸುವುದಿಲ್ಲ.

‘39 ಸ್ಟೆಪ್ಸ್’ನಲ್ಲಿ ಒಂದು ರಾತ್ರಿಯ ದೃಶ್ಯವಿದೆ. ಬಡ ರೈತನ ಗುಡಿಸಲು, ಸಂಶಯದ ಮುದಿ ಗಂಡ, ಲಂಡನ್ನಿನ ಬೆಳಕುಗಳ ಬಗ್ಗೆ ಆಸೆಯಿಂದ ಕೇಳುವ ಎಳೆ ವಯಸ್ಸಿನ ಹೆಂಡತಿ. ಆ ಹೆಂಡತಿ ಪೆಗಿ ಆಷ್‌ಕ್ರಾಫ್ಟ್. ಹೆಸರು ನೆನಪಿರಲಿ, ಕೆಳಗೆ ಮತ್ತೆ ಬರುತ್ತದೆ.

ಬಣ್ಣ ಬೇಕೆಂದರೆ, ಕಾರಾಪುರದ ಹುಡುಗನೊಂದಿಗೆ

ಮೈಕಲ್ ಪೊವೆಲ್ ಮತ್ತು ಎಮರಿಕ್ ಪ್ರೆಸ್‌ಬರ್ಗರ್ ಜೋಡಿಯ ಚಿತ್ರಗಳು ಪಡಿತರದ ನಿಯಮಕ್ಕೆ ಹೊರಗಿನವು. ಇವರಿಗೆ ಬಣ್ಣದ ವಿಷಯದಲ್ಲಿ ಕೈಬಿಗಿತವೇ ಗೊತ್ತಿಲ್ಲ. ‘ದಿ ರೆಡ್ ಶೂಸ್’ (1948) ಹೆಚ್ಚು ಪ್ರಸಿದ್ಧ: ಬ್ಯಾಲೆ ನರ್ತಕಿ, ಆಕೆಯ ಕಲೆಯನ್ನೇ ಬಯಸುವ ಯಜಮಾನ, ಆಕೆಯನ್ನೇ ಬಯಸುವ ಪ್ರಿಯಕರ, ನಡುವೆ ಹದಿನೇಳು ನಿಮಿಷದ ಒಂದು ಬ್ಯಾಲೆ. ಮನೆಯಲ್ಲಿ ನೃತ್ಯ ಕಲಿಯುವ ಹುಡುಗಿ ಇದ್ದರೆ ಅದನ್ನೇ ನೋಡಿ.

ನನ್ನ ಆಯ್ಕೆ ಮಾತ್ರ ‘ಬ್ಲ್ಯಾಕ್ ನಾರ್ಸಿಸಸ್’. ಅದು ಬಂದದ್ದು 1947ರಲ್ಲಿ, ಬ್ರಿಟಿಷರು ಭಾರತ ಬಿಡುವ ಕೆಲವೇ ತಿಂಗಳ ಮೊದಲು. ಹಿಮಾಲಯದ ಹಳೆಯ ಅಂತಃಪುರವೊಂದನ್ನು ಕಾನ್ವೆಂಟ್ ಮಾಡಲು ಹೋದ ಐವರು ಸನ್ಯಾಸಿನಿಯರ ಮನಸ್ಸನ್ನು ಅಲ್ಲಿಯ ಗಾಳಿ ಕದಡುತ್ತದೆ. ಹಿಮಾಲಯ ಎಂದೆ, ತಂಡದವರು ಭಾರತಕ್ಕೆ ಕಾಲೇ ಇಡಲಿಲ್ಲ. ಎಲ್ಲವೂ ಪೈನ್‌ವುಡ್ ಸ್ಟುಡಿಯೊದ ಸೆಟ್ಟು, ಗಾಜಿನ ಮೇಲೆ ಬರೆದ ಬೆಟ್ಟ, ಜೊತೆಗೆ ಸಸೆಕ್ಸ್‌ನ ಒಂದು ತೋಟ. ಛಾಯಾಗ್ರಹಣಕ್ಕೆ ಜ್ಯಾಕ್ ಕಾರ್ಡಿಫ್, ಕಲಾ ನಿರ್ದೇಶನಕ್ಕೆ ಆಲ್ಫ್ರೆಡ್ ಯುಂಗೆ ಆಸ್ಕರ್ ಪಡೆದರು. ಕಡಿದಾದ ಕೊರಕಲಿನ ಅಂಚಿನಲ್ಲಿ ಗಂಟೆ ಬಾರಿಸುವ ದೃಶ್ಯ ನೋಡುವಾಗ ಅದು ಚಿತ್ರಿಸಿದ ಪ್ರಪಾತ ಎಂದು ಗೊತ್ತಿದ್ದೂ ನನ್ನ ಅಂಗಾಲು ಜುಮ್ಮೆನ್ನುತ್ತದೆ. ಇನ್ನೊಂದು ದೃಶ್ಯದಲ್ಲಿ ಇಬ್ಬರು ಸನ್ಯಾಸಿನಿಯರು ರಾತ್ರಿ ಎದುರುಬದುರು ಕೂತಿದ್ದಾರೆ. ಒಬ್ಬಳು ಬೈಬಲ್ ತೆರೆಯುತ್ತಾಳೆ, ಇನ್ನೊಬ್ಬಳು ಲಿಪ್‌ಸ್ಟಿಕ್. ಮೇಣದ ಬತ್ತಿ ಕರಗುತ್ತ ಬರುತ್ತದೆ. ಇಡೀ ಚಿತ್ರದಲ್ಲಿ ಅಷ್ಟು ಕೆಂಪು ಬೇರೆಲ್ಲೂ ಇಲ್ಲ.

ಇದರಲ್ಲಿ ಯುವರಾಜನಾಗಿ ಬರುವವನು ಸಾಬು. 1924ರಲ್ಲಿ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ‘ಎಲಿಫೆಂಟ್ ಬಾಯ್’ (1937) ಚಿತ್ರಕ್ಕಾಗಿ ಮೈಸೂರಿಗೆ ಬಂದಿದ್ದ ರಾಬರ್ಟ್ ಫ್ಲಾಹರ್ಟಿಯ ಕಣ್ಣಿಗೆ ಬಿದ್ದು, ಅಲೆಕ್ಸಾಂಡರ್ ಕೊರ್ಡಾನ ಕಂಪನಿಯ ಮೂಲಕ ಲಂಡನ್ ಸೇರಿ, ಅಲ್ಲಿಂದ ಹಾಲಿವುಡ್‌ಗೂ ಹೋದವನು. ಆ ಹುಡುಗನಿಗಾಗಿ ‘ಎಲಿಫೆಂಟ್ ಬಾಯ್’ ನೋಡಬಹುದೇ? ಆನೆಯ ಬೆನ್ನ ಮೇಲೆ ಅವನು ಕೂತ ಭಂಗಿಗಾಗಿ, ನಮ್ಮ ಕಾಡಿನ ಹಳೆಯ ನೋಟಕ್ಕಾಗಿ ನೋಡಬಹುದು. ಫ್ಲಾಹರ್ಟಿ ಮೈಸೂರಿನಲ್ಲಿ ತೆಗೆದ ಭಾಗಕ್ಕೂ ಆಮೇಲೆ ಇಂಗ್ಲೆಂಡಿನ ಸ್ಟುಡಿಯೊದಲ್ಲಿ ಸೇರಿಸಿದ ಭಾಗಕ್ಕೂ ಎಣ್ಣೆ-ನೀರಿನ ಸಂಬಂಧ. ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಅವನು ಹಾಕಿಕೊಳ್ಳುವ ಅತ್ತರಿನ ಹೆಸರೇ ಚಿತ್ರದ ಹೆಸರು. ಪೂರ್ವದ ಮಾಯಾವಿ ಸುಗಂಧವೆಂದು ಭ್ರಮಿಸಬೇಡಿ, ಲಂಡನ್ನಿನ ಆರ್ಮಿ ಅಂಡ್ ನೇವಿ ಅಂಗಡಿಯ ಸರಕು. ಪೂರ್ವದ ಬಗೆಗಿನ ತಮ್ಮದೇ ಭ್ರಮೆಯನ್ನು ಈ ಚಿತ್ರ ಹೀಗೆ ಅಲ್ಲಲ್ಲಿ ಚಿವುಟುತ್ತದೆ. ಹಾಗೆಂದು ಪೂರ್ತಿ ಮಾಫಿ ಇಲ್ಲ: ಪಹಾಡಿ ಹುಡುಗಿ ಕಾಂಚಿಯಾಗಿ ಮೈಗೆ ಕಂದು ಬಣ್ಣ ಬಳಿದುಕೊಂಡ ಜೀನ್ ಸಿಮನ್ಸ್, ಪಕ್ಕದಲ್ಲಿ ನಿಜವಾದ ಸಾಬು. ಆ ಚೌಕಟ್ಟನ್ನು ನೋಡುವುದು ಮುಜುಗರ.

ಎರಡು ಕಾರ್ಮಿಕ ಊರುಗಳು

ಇಷ್ಟು ಹೊತ್ತು ಹೇಳಿದ್ದರಲ್ಲಿ ಬೆವರು ಕಡಿಮೆ. ಅದು ಬೇಕಾದವರಿಗೆ 1960ರ ದಶಕವಿದೆ. ‘ಸ್ಯಾಟರ್ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್’ (1960) ನಾಟಿಂಗ್‌ಹ್ಯಾಮಿನ ಸೈಕಲ್ ಕಾರ್ಖಾನೆಯ ಲೇತಿನ ಮುಂದೆ ಶುರುವಾಗುತ್ತದೆ. ಕಾರ್ಖಾನೆ ಯಾವುದೆಂದರೆ ರ‍್ಯಾಲಿ, ನಮ್ಮ ಅಜ್ಜಂದಿರು ಎಣ್ಣೆ ಒರೆಸಿ ಪೂಜೆ ಮಾಡಿದ ಆ ಸೈಕಲ್ಲಿನದೇ. ಅದನ್ನು ತಯಾರಿಸುತ್ತಿದ್ದ ಕೈಗಳು ವಾರದ ಕೊನೆಗೆ ಏನು ಮಾಡುತ್ತಿದ್ದವೆಂದು ಆಲ್ಬರ್ಟ್ ಫಿನ್ನಿ ತೋರಿಸುತ್ತಾನೆ. ಕುಡಿತ, ಇನ್ನೊಬ್ಬನ ಹೆಂಡತಿ, ಯಾರಿಗೂ ಬಗ್ಗದ ಬಾಯಿ.

ಕೆನ್ ಲೋಚ್‌ನ ‘ಕೆಸ್’ (1969) ಇದಕ್ಕಿಂತ ಆಳಕ್ಕಿಳಿಯುತ್ತದೆ. ಯಾರ್ಕ್‌ಷೈರಿನ ಬಾರ್ನ್‌ಸ್ಲಿ, ಕಲ್ಲಿದ್ದಲು ಗಣಿಯ ಊರು. ಗಣಿಗೆ ಇಳಿಯಲಾರೆ ಎನ್ನುವ ಹುಡುಗ ಬಿಲ್ಲಿ ಒಂದು ಪುಟ್ಟ ಗಿಡುಗವನ್ನು ಪಳಗಿಸುತ್ತಾನೆ. ಪಾತ್ರಧಾರಿ ಡೇವಿಡ್ ಬ್ರಾಡ್ಲಿ ಅದೇ ಊರಿನ ಹುಡುಗ. ತರಗತಿಯಲ್ಲಿ ಎದ್ದು ನಿಂತು ಗಿಡುಗದ ಕಾಲಿಗೆ ಚರ್ಮದ ಪಟ್ಟಿ ಹೇಗೆ ಕಟ್ಟಬೇಕೆಂದು ಹೇಳಲು ಶುರುಮಾಡಿದವನು, ಹೇಳುತ್ತ ಹೇಳುತ್ತ ಬೇರೆಯೇ ಹುಡುಗನಾಗುತ್ತಾನೆ. ಮೂಲೆಯ ಬೆಂಚಿನ ಪೋಕರಿಗಳೂ ಬಾಯಿ ಮುಚ್ಚಿ ಕೇಳುತ್ತಾರೆ. ಕಪ್ಪುಹಲಗೆಯ ಮುಂದೆ ನಿಂತು ಕಾಲು ನಡುಗಿದವರು ಆ ದೃಶ್ಯವನ್ನು ಬೇಗ ಮರೆಯುವುದಿಲ್ಲ. ಫುಟ್‌ಬಾಲ್ ಆಟದಲ್ಲಿ ತಾನೇ ಬಾಬಿ ಚಾರ್ಲ್ಟನ್ ಎಂದುಕೊಂಡು ಮಕ್ಕಳನ್ನು ಕೆಡವಿ ಗೋಲು ಹೊಡೆಯುವ ಆಟದ ಮೇಷ್ಟರು ನಗಿಸುತ್ತಲೇ ಹೊಟ್ಟೆ ಉರಿಸುತ್ತಾನೆ. ಇವರ ಮಾತು ಗಡುಸು ಬಾರ್ನ್‌ಸ್ಲಿ ನುಡಿ. ಅಮೆರಿಕದ ಬಿಡುಗಡೆಗೆ ಕೆಲವು ಮಾತುಗಳನ್ನು ಮತ್ತೆ ಧ್ವನಿಮುದ್ರಿಸಬೇಕಾಯಿತು. ಸಬ್‌ಟೈಟಲ್ ಹಾಕಿಕೊಳ್ಳಲು ನಾಚಿಕೆ ಬೇಡ. ಸೋಮವಾರ ಕೆಲಸವಿರುವ ಭಾನುವಾರ ರಾತ್ರಿ ಮಾತ್ರ ಇದನ್ನು ನೋಡಬೇಡಿ.

ಇನ್ನು ದೊಡ್ಡವು

ಈಗ ಲೀನ್‌ನ ದೊಡ್ಡ ಚಿತ್ರಗಳಿಗೆ ಬರಬಹುದು. ‘ಲಾರೆನ್ಸ್’ (1962) 70 ಎಂ.ಎಂ. ಪರದೆಗಾಗಿ ತೆಗೆದದ್ದು, ಏಳು ಆಸ್ಕರ್ ಗೆದ್ದದ್ದು. ದಿಗಂತದ ಚುಕ್ಕೆಯೊಂದು ನಿಧಾನವಾಗಿ ಮನುಷ್ಯನಾಗುವ ದೃಶ್ಯ ಮೊಬೈಲಿನಲ್ಲಿ ಚುಕ್ಕೆಯಾಗಿಯೇ ಉಳಿಯುತ್ತದೆ. ಚಿತ್ರೋತ್ಸವದಲ್ಲಿ ದೊಡ್ಡ ಪರದೆಗೆ ಬಂದರೆ ರಜೆ ಹಾಕಿ ಹೋಗಿ, ಇಲ್ಲದಿದ್ದರೆ ಎರಡು ರಾತ್ರಿಗೆ ಹಂಚಿಕೊಳ್ಳಿ. ಮಧ್ಯಂತರವನ್ನು ಲೀನ್ ತಾನೇ ಇಟ್ಟಿದ್ದಾನೆ.

ಅದಕ್ಕೆ ಬದಲು ‘ಎ ಪ್ಯಾಸೇಜ್ ಟು ಇಂಡಿಯಾ’ (1984) ನೋಡಬಹುದೇ ಎಂದು ಬೆಂಗಳೂರಿನವರು ಕೇಳುವುದುಂಟು. ಲೀನ್‌ನ ಕೊನೆಯ ಚಿತ್ರ. ಊರಿನ ಬೀದಿಗಳ ಸೆಟ್ಟು ಬೆಂಗಳೂರಿನ ಅರಮನೆ ಮೈದಾನದಲ್ಲಿ, ಮರಾಬಾರ್ ಗುಹೆಗಳು ಸಾವನದುರ್ಗ ಮತ್ತು ರಾಮನಗರದ ಬಂಡೆಗಳಲ್ಲಿ. ಮಿಸೆಸ್ ಮೂರ್ ಪಾತ್ರಕ್ಕೆ ಆಸ್ಕರ್ ಪಡೆದವರು ಅದೇ ಪೆಗಿ ಆಷ್‌ಕ್ರಾಫ್ಟ್, 1935ರ ಗುಡಿಸಲಿನ ಹೆಂಡತಿ. ಒಂದೇ ವಾರದಲ್ಲಿ ಎರಡನ್ನೂ ನೋಡಿದರೆ ಅರ್ಧ ಶತಮಾನ ಒಂದು ಮುಖದ ಮೇಲೆ ಹಾದುಹೋದದ್ದು ಕಾಣುತ್ತದೆ. ಅದಕ್ಕಾಗಿ, ನಮ್ಮ ಬಂಡೆಗಳ ಮೇಲಿನ ಬಿಸಿಲಿಗಾಗಿ ನೋಡಿ. ಗೋಡ್ಬೋಲೆಯ ವೇಷದ ಅಲೆಕ್ ಗಿನ್ನೆಸ್‌ಗೆ ಎಂಟು ಪಾತ್ರ ದಕ್ಕಿದ್ದವು, ಈ ಒಂಬತ್ತನೆಯದು ದಕ್ಕಲಿಲ್ಲ ಎಂದು ನಕ್ಕು ಮುಂದೆ ಹೋಗಬೇಕು. ಆದರೆ ಲೀನ್ ಎಂದರೇನೆಂದು ತಿಳಿಯಲು ಇದು ಸರಿಯಾದ ಬಾಗಿಲಲ್ಲ. ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ (1946) ಸುಮಾರು ಎರಡು ಗಂಟೆಯದು. ಸ್ಮಶಾನದಲ್ಲಿ ಹುಡುಗನೊಬ್ಬ ಓಡಿ ತಿರುಗಿದಾಗ ಎದುರಾಗುವ ಕೈದಿಯ ದೃಶ್ಯ ಇಂದಿಗೂ ಕೂತಲ್ಲೇ ಬೆಚ್ಚಿಬೀಳಿಸುತ್ತದೆ.

ಹಾಕುವ ಮುನ್ನ

ಹಳೆಯ ಕಪ್ಪು-ಬಿಳುಪು ಚಿತ್ರಗಳು ಹೆಚ್ಚುಕಡಿಮೆ ಚೌಕಾಕಾರ. ಟಿ.ವಿ.ಯ ಎರಡು ಬದಿಗೆ ಕಪ್ಪು ಪಟ್ಟಿ ಇರಲೇಬೇಕು. ನಮ್ಮ ಮನೆಯಲ್ಲಿ ಯಾರೋ ರಿಮೋಟ್ ಒತ್ತಿ ಪರದೆ ತುಂಬಿಸಿಬಿಟ್ಟಿದ್ದರು. ಅರ್ಧ ಗಂಟೆ ಸೀಲಿಯಾ ಜಾನ್ಸನ್‌ಗೆ ಇಷ್ಟು ಅಗಲ ಮುಖವಿತ್ತೇ ಎಂದುಕೊಂಡು ನೋಡಿದೆ.

ಇಸವಿ ನೋಡದೆ ದುಡ್ಡು ಕಟ್ಟಬೇಡಿ. ‘39 ಸ್ಟೆಪ್ಸ್’ 1959ರಲ್ಲಿ ಮತ್ತೆ ಬಂದಿದೆ, 1978ರಲ್ಲೂ. ‘ಬ್ರೀಫ್ ಎನ್‌ಕೌಂಟರ್’ 1974ರಲ್ಲಿ ಟಿ.ವಿ.ಗಾಗಿ ರಿಚರ್ಡ್ ಬರ್ಟನ್, ಸೋಫಿಯಾ ಲೊರೆನ್ ಜೊತೆ ಬಂದಿದೆ. ‘ಬ್ಲ್ಯಾಕ್ ನಾರ್ಸಿಸಸ್’ 2020ರಲ್ಲಿ ಟಿ.ವಿ. ಸರಣಿಯಾಗಿದೆ. ಅಮ್ಮನಿಗೆ ಅಜ್ಜಿಯ ಸಿನಿಮಾ ತೋರಿಸುತ್ತೇನೆಂದು ನಾನು ಬಾಡಿಗೆ ಕಟ್ಟಿ ‘ಲೇಡಿಕಿಲ್ಲರ್ಸ್’ ಹಾಕಿದಾಗ ಕಿಂಗ್ಸ್ ಕ್ರಾಸ್ ಬದಲು ಮಿಸಿಸಿಪ್ಪಿ ನದಿ, ಗಿನ್ನೆಸ್ ಬದಲು ಟಾಮ್ ಹ್ಯಾಂಕ್ಸ್ ಬಂದ. ಅದು 2004ರದು. ಹತ್ತು ನಿಮಿಷವಾದ ಮೇಲೆ ಅಮ್ಮ ಕೇಳಿದಳು: “ನೀನು ಹೇಳಿದ ಗಿಣಿ ಎಲ್ಲಿ?”